ಎಮಿಲ್ ವೋಂದ್ರಾನ ಮೂರನೆಯ ಇಳಿತ

"ಡಾರ್ಲಾ, ನಿನ್ನದು ಎಲುಬಿಲ್ಲದ ನಾಲಿಗೆ" ಎಂದು ನಮ್ಮಮ್ಮ ಬೈಯುತ್ತಿದ್ದಳು. ಎಮಿಲ್ ವೋಂದ್ರಾನ ವಿಷಯದಲ್ಲಿ ಅದು ನಿಜವಾಯಿತು.

ನೆಬ್ರಾಸ್ಕಾದ ಜೋಳದ ಹೊಲಗಳ ನಡುವೆ ನಮ್ಮೂರ ವಿಮಾನ ನಿಲ್ದಾಣವಿದೆ. ನಿಲ್ದಾಣವೆಂದರೆ ಒಂದು ಓಡುದಾರಿ, ಒಂದು ತಗಡಿನ ಶೆಡ್ಡು, ನಾನು ಕೂರುವ ಕೋಣೆ, ಅಷ್ಟೇ. ಪೆಟ್ರೋಲು ಹಾಕುವವಳು, ಕಾಫಿ ಕಾಸುವವಳು, ರೇಡಿಯೋಗೆ ಕಿವಿ ಕೊಡುವವಳು ಎಲ್ಲಾ ನಾನೇ. ಹೀಗೇ ಹದಿನೇಳು ವರ್ಷ ಕಳೆಯಿತು. ಏರು, ಇಳಿ ಎಂದು ಹೇಳಲು ನಮ್ಮಲ್ಲಿ ಅಧಿಕಾರಿಗಳಿಲ್ಲ. ಹಾರುವವನು ತಾನೆಲ್ಲಿದ್ದೇನೆಂದು ರೇಡಿಯೋದಲ್ಲಿ ತಾನೇ ಹೇಳಿಕೊಳ್ಳಬೇಕು. ಕೇಳಿಸಿಕೊಂಡವರು ಉತ್ತರ ಕೊಡಬೇಕೆಂದೇನೂ ಇಲ್ಲ.

ಎಮಿಲ್‌ಗೆ ಐವತ್ತೆಂಟು. ರೈಲುಹಳಿ ಪಕ್ಕದ ಧಾನ್ಯದ ಗೋದಾಮಿನಲ್ಲಿ ಲಾರಿ ತೂಗುವ ಕೆಲಸ. ಗಾಜಿನ ಹಿಂದೆ ಕೂತು ಚೀಟಿ ಕೊಡುವುದು. ಸುಗ್ಗಿ ಮುಗಿದರೆ ಲಾರಿಗಳೂ ಬರುವುದಿಲ್ಲ. ಮದುವೆಯಾಗದೆ ತಾಯಿಯ ಜೊತೆಗೇ ಇದ್ದವನು, ಆಕೆ ತೀರಿಕೊಂಡ ಚಳಿಗಾಲದಲ್ಲಿ ನಮ್ಮ ಬಾಗಿಲಿಗೆ ಬಂದು, "ನಂಗೆ ಹಾರೋದು ಕಲಿಸ್ತೀರಾ?" ಎಂದ. ಕೈಯಲ್ಲಿ ಒಂದು ದೊಡ್ಡ ತಟ್ಟೆ ತುಂಬ ಗಸಗಸೆ ಹೂರಣದ ಕೊಲಾಚೆ ಬನ್ನು.

"ಅಯ್ಯೋ, ಇಷ್ಟೊಂದ್ಯಾಕೆ?" ಎಂದೆ.

"ಅಮ್ಮನ ಅಳತೆ. ಒಬ್ಬನಿಗೆ ಮಾಡೋಕೆ ಬರಲ್ಲ," ಎಂದ.

ಕಲಿಸುವವನು ಗೇಲ್ ಶ್ರೋಡರ್. ಮೂವತ್ತು ವರ್ಷ ಹೊಲಗಳ ಮೇಲೆ ಔಷಧ ಸಿಂಪಡಿಸುತ್ತ ಹಾರಿದವನು, ಬಾಯಿ ಜೋರು. ಅವನ ವಿಮಾನಕ್ಕೆ ಎರಡೇ ಸೀಟು. ಭುಜಕ್ಕೆ ಭುಜ ತಾಗಿಸಿಯೇ ಕೂರಬೇಕು. ಅವನ ಕಟ್ಟಳೆಯೂ ಒಂದೇ. ಒಂದರ ಹಿಂದೊಂದು ಮೂರು ಸಲ ಚೆನ್ನಾಗಿ ಇಳಿಸಿದರೆ ಗುರು ಕೆಳಗಿಳಿದುಬಿಡುತ್ತಾನೆ, ಶಿಷ್ಯ ಒಬ್ಬನೇ ಹಾರಿ ಬರಬೇಕು. ಬಂದ ಮೇಲೆ ಶಿಷ್ಯನ ಅಂಗಿಯ ಬೆನ್ನು ಕತ್ತರಿಸಿ, ಹೆಸರು ಬರೆದು ನನ್ನ ಗೋಡೆಗೆ ಮೊಳೆ ಹೊಡೆಯುವುದು ನಮ್ಮ ಪದ್ಧತಿ. ಬೇರೆಯವರಿಗೆ ಮೂರ್ನಾಲ್ಕು ತಿಂಗಳಲ್ಲಿ ಆಗುವುದು ಎಮಿಲ್‌ಗೆ ಹದಿನಾಲ್ಕು ತಿಂಗಳಾದರೂ ಆಗಲಿಲ್ಲ.

"ಕತ್ತರಿ ತುಕ್ಕು ಹಿಡೀತಾ ಇದೆ ಕಣೋ!" ಎಂದು ಗೇಲ್ ಛೇಡಿಸುತ್ತಿದ್ದ.

"ಮುಂದಿನ ಶನಿವಾರ ನೋಡೋಣ ಗುರುಗಳೇ," ಎಂದು ಇವನು ನಗುತ್ತಿದ್ದ. ಆಮೇಲೆ ಕಾಫಿ ಕುಡಿಯುತ್ತ ಅರ್ಧ ಗಂಟೆ ಬೈಸಿಕೊಳ್ಳುತ್ತಿದ್ದ. ಅಷ್ಟು ಸುಖವಾಗಿ ಬೈಸಿಕೊಳ್ಳುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ನನ್ನ ಕಿಟಕಿಗೆ ಓಡುದಾರಿ ಪೂರ್ತಿ ಕಾಣುತ್ತದೆ. ಮೊದಲ ಸಲ ವಿಮಾನ ಮಗುವನ್ನು ತೊಟ್ಟಿಲಿಗೆ ಹಾಕಿದಷ್ಟು ಮೆತ್ತಗೆ ಇಳಿಯುತ್ತಿತ್ತು. ಎರಡನೆಯ ಸಲವೂ ಹಾಗೇ. ಮೂರನೆಯದು ಮಾತ್ರ ಧಡ್ ಎಂದು ಕುಪ್ಪಳಿಸುತ್ತಿತ್ತು. ಪ್ರತಿ ಶನಿವಾರ ಇದೇ ಕಥೆ. ಒಂದು ದಿನ ಎಮಿಲ್ ಹೊರಟುಹೋದ ಮೇಲೆ ನನ್ನ ನಾಲಿಗೆ ತುರಿಸಿತು.

"ಲೋ ಗೇಲ್, ನಿನ್ನ ಶಿಷ್ಯ ನಿಂಗೇ ಚಳ್ಳೆಹಣ್ಣು ತಿನ್ನಿಸ್ತಿದಾನೆ. ಮೂರನೇದನ್ನ ಬೇಕಂತಲೇ ಕೆಡಿಸ್ತಾನೆ, ಎಣಿಸಿ ನೋಡು."

"ಯಾಕಂತೆ?"

"ಒಬ್ಬನೇ ಹೋಗೋಕೆ ಹೆದರಿಕೆ ಇರ್ಬೇಕು."

ದೇವರಾಣೆ, ನಾನು ಹಾಗೇ ತಿಳಿದಿದ್ದೆ.

ಮುಂದಿನ ಶನಿವಾರ ಎರಡನೆಯ ಇಳಿತಕ್ಕೇ ಗೇಲ್ ವಿಮಾನ ನಿಲ್ಲಿಸಿ ಇಳಿದುಬಿಟ್ಟ. ಎಮಿಲ್ ಬಾಗಿ ಏನೋ ಕೇಳಿದ್ದು ಕಂಡಿತು. ಗೇಲ್ ಇಲ್ಲವೆಂದು ತಲೆಯಾಡಿಸಿ ಬಾಗಿಲು ಹಾಕಿ ಬಂದ.

"ಏನಂದ?" ಎಂದೆ.

"'ನನ್ನಿಂದ ಏನಾದ್ರೂ ತಪ್ಪಾಯ್ತಾ?' ಅಂದ ಮಾರಾಯ್ತಿ."

ಎಮಿಲ್ ಒಬ್ಬನೇ ಮೂರು ಸುತ್ತು ಹಾರಿದ. ಮೂರು ಸಲವೂ ಒಂದು ಚೂರೂ ಅಲುಗದೆ ಇಳಿಸಿದ. ನಾವು ಚಪ್ಪಾಳೆ ತಟ್ಟಿದೆವು, ಅಂಗಿ ಕತ್ತರಿಸಿದೆವು.

"ಇನ್ಮೇಲೆ ವಾರವಾರ ನಾನ್ಯಾಕೋ ನಿಂಗೆ? ಒಬ್ಬನೇ ಅಭ್ಯಾಸ ಮಾಡು. ನಂಗೆ ಬೇರೆಯವರು ಕಾಯ್ತಿದಾರೆ," ಎಂದ ಗೇಲ್.

ಎಮಿಲ್ ಗೋಡೆಯ ಮೇಲಿನ ತನ್ನ ಅಂಗಿಯ ತುಂಡನ್ನೇ ನೋಡಿದ. "ಹಾಗಾದ್ರೆ ಶನಿವಾರ ಬೈಯೋರು ಯಾರೂ ಇರಲ್ಲ," ಎಂದು ನಕ್ಕು, ಬೆನ್ನು ಹರಿದ ಅಂಗಿಯ ಮೇಲೆ ಕೋಟು ಹಾಕಿಕೊಂಡು ಹೊರಟ. ಅವನು ಬರುತ್ತಿದ್ದದ್ದು ಹಾರುವುದಕ್ಕಲ್ಲ, ಪಕ್ಕದಲ್ಲೊಬ್ಬರು ಕೂರುತ್ತಾರೆಂದು. ಅದು ಆಗ ನನಗೆ ಹೊಳೆಯಿತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಮೂರು ಶನಿವಾರ ಅವನ ಸುಳಿವಿಲ್ಲ. ನಾಲ್ಕನೆಯದಕ್ಕೆ ತಡೆಯಲಾರದೆ ಫೋನು ಮಾಡಿದೆ.

"ಏನ್ರೀ, ರೆಕ್ಕೆ ಬಂದ್ಮೇಲೆ ಗೂಡು ಮರೆತುಹೋಯ್ತಾ?"

"ಹಾಗೇನಿಲ್ಲ ಡಾರ್ಲಾ. ಆ ಪಕ್ಕದ ಸೀಟು ಖಾಲಿ ಇರುತ್ತಲ್ಲ..."

ನಾನೇ ಕೂರುತ್ತಿದ್ದೆ. ಆದರೆ ಕಲಿಯುವವರು ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ, ಕಾನೂನು. "ಸುಮ್ನೆ ಬನ್ನಿ. ಬನ್ನು ತನ್ನಿ," ಎಂದು ಫೋನು ಇಟ್ಟೆ.

ಬಂದ. ಹಾರಿದ. ನಾನು ಲೋಟ ತೊಳೆಯುತ್ತಿದ್ದಾಗ ರೇಡಿಯೋದಲ್ಲಿ ಅವನ ದನಿ: "ಎಡಕ್ಕೆ ತಿರುಗ್ತಾ ಇದೀನಿ." ಹೇಳಿ ಮುಗಿದರೂ ಒತ್ತಿ ಹಿಡಿದ ಮೈಕಿನ ಗುಂಡಿ ಬಿಡಲಿಲ್ಲ, ಇಂಜಿನ್ನಿನ ಸದ್ದು ಕೇಳುತ್ತಲೇ ಇತ್ತು. ಹದಿನೇಳು ವರ್ಷ ಇಂಥ ಮಾತುಗಳನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟವಳು ನಾನು. ಅವನು ಗುಂಡಿ ಬಿಟ್ಟೊಡನೆ ಒದ್ದೆ ಕೈಯಲ್ಲೇ ಮೈಕು ಎತ್ತಿಕೊಂಡೆ.

"ಕೇಳಿಸ್ತಾ ಇದೆ ಎಮಿಲ್. ಇಲ್ಲಿಂದ ಕಾಣಿಸ್ತಾನೂ ಇದೀರಿ."

"ಹೌದಾ?" ಎಂದ.

ಮೊದಲ ಸಲ ಮೆತ್ತಗೆ ಇಳಿಸಿ ಹಾಗೇ ಏರಿದ. ಎರಡನೆಯ ಸಲವೂ ಮೆತ್ತಗೆ. ಮೂರನೆಯದು ಧಡ್ ಎಂದು ಕುಪ್ಪಳಿಸಿತು. ವಿಮಾನ ಮತ್ತೆ ಮೇಲೇರಿತು.

"ಕೆಟ್ಟೋಯ್ತು ಡಾರ್ಲಾ. ಇನ್ನೊಂದು ಸುತ್ತು ಹೋಗಿ ಬರ್ತೀನಿ."

"ಹೋಗಿ ಬನ್ನಿ," ಎಂದೆ. "ನಾನು ಇಲ್ಲೇ ಇರ್ತೀನಿ."