ದಾಳ ಬೇಡದ ಪ್ರಶ್ನೆ

ಆರಿನ್ ಟೋಲೆಫ್ಸನ್ ಮಾತಿನ ಮನುಷ್ಯನಲ್ಲ. ವಿಸ್ಕಾನ್ಸಿನ್‌ನ ಉತ್ತರದ ಕಡೆ, ಚಳಿಗಾಲದಲ್ಲಿ ರಸ್ತೆಯ ಹಿಮ ಬಾಚುವ ಜಿಲ್ಲೆಯ ಲಾರಿ ಓಡಿಸುವವನು. ಲಾರಿಯಲ್ಲಿ ಒಬ್ಬನೇ, ಮನೆಯಲ್ಲೂ ಒಬ್ಬನೇ. ಆದರೆ ಶನಿವಾರ ಮಧ್ಯಾಹ್ನ ಅವನ ನೆಲಮಾಳಿಗೆಯ ಮೇಜಿನ ಸುತ್ತ ಗೆಳೆಯರು ಕೂತರೆಂದರೆ ಇದೇ ಮನುಷ್ಯ ರಾಜನಾಗಿ ಗುಡುಗುತ್ತಿದ್ದ, ಮುದಿ ಮಾಟಗಾತಿಯಾಗಿ ಕೆಮ್ಮುತ್ತಿದ್ದ. ಆಟದ ಕಥೆ ನಡೆಸುವವನು ಅವನು. ಉಳಿದವರು ತಮ್ಮ ತಮ್ಮ ಪಾತ್ರವಾಗಿ ಆ ಕಥೆಯೊಳಗೆ ಓಡಾಡುವವರು. ಮಾಡಹೊರಟಿದ್ದು ಕೈಗೂಡುತ್ತದೋ ಇಲ್ಲವೋ ಎನ್ನುವ ಕಡೆ ಇಪ್ಪತ್ತು ಮುಖದ ದಾಳ ಉರುಳಬೇಕು.

ಇಪ್ಪತ್ತು ಬಿದ್ದರೆ ಕುಂಟನೂ ಕೋಟೆ ಹಾರುತ್ತಾನೆ. ಒಂದು ಬಿದ್ದರೆ ಎಂಥ ಶೂರನೂ ಮಣ್ಣು ಮುಕ್ಕಬೇಕು. ಇದರಲ್ಲಿ ಆರಿನ್ ಯಾರ ಮುಲಾಜಿಗೂ ಬಗ್ಗಿದವನಲ್ಲ. ಊರಿನ ಕೊಳಾಯಿ ರಿಪೇರಿಯ ಡ್ವೇನ್ ಆಟದಲ್ಲಿ ವರ್ಷಗಟ್ಟಲೆ ಬೆಳೆಸಿದ ವೀರನನ್ನು, ಒಂದು ಬಿತ್ತೆಂದು, ಸೇತುವೆಯಿಂದ ಕೆಡವಿ ಕೊಂದಿದ್ದ. ಡ್ವೇನ್ ವಾರವಿಡೀ ಮುಖ ಊದಿಸಿಕೊಂಡು ತಿರುಗಿದ. ಇನ್ನೊಂದು ನಿಯಮವನ್ನೂ ಆರಿನ್ ಅಷ್ಟೇ ಗಟ್ಟಿಯಾಗಿ ಹಿಡಿದಿದ್ದ: ಸಂಶಯವಿಲ್ಲದ ಕಡೆ ದಾಳ ಮುಟ್ಟಬಾರದು. ಯಾರಾದರೂ ತೆರೆದ ಬಾಗಿಲು ದಾಟಲು ದಾಳ ಎತ್ತಿಕೊಂಡರೆ, "ಅದಕ್ಕೆಲ್ಲ ದಾಳ ಬೇಡ, ಆಯ್ತು ಅಂದ್ಕೊ," ಎನ್ನುತ್ತಿದ್ದ.

ಹಲ್ಲಿನ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಮಾರ್ಲಿಸ್, ಗಂಡ ಬಿಟ್ಟುಹೋದ ಮೇಲೆ ಈ ಮೇಜಿಗೆ ಬಂದವಳು. ಆಟದಲ್ಲಿ ಅವಳದು ಅಲೆಮಾರಿ ಕಳ್ಳಿಯ ಪಾತ್ರ. ವಾರವೆಲ್ಲ ಲಾರಿಯಲ್ಲಿ ಆರಿನ್ ಕಥೆ ಕಟ್ಟುತ್ತಿದ್ದುದು ಅವಳೊಬ್ಬಳು ನಗಲಿ ಎಂದು. ಇದು ಮೇಜಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲವೆಂದು ನಂಬಿದ್ದವನು ಆರಿನ್ ಒಬ್ಬನೇ, ಪಾಪ.

ಅಷ್ಟರಲ್ಲಿ ಡುಲೂತ್ ಊರಿನಲ್ಲಿದ್ದ ಮಾರ್ಲಿಸ್‌ಳ ಅಕ್ಕ ಬಿದ್ದು ಸೊಂಟ ಮುರಿದುಕೊಂಡಳು. ಬಂದು ಜೊತೆಗಿರು ಎಂದು ಕರೆದಳು. ಹೋದರೆ ಹೋಗಿಬಿಟ್ಟ ಹಾಗೆಯೇ. ಸೋಮವಾರ ಉತ್ತರ ಹೇಳಬೇಕಿತ್ತು, ಅದು ಮೇಜಿನವರಿಗೆಲ್ಲ ಗೊತ್ತಿತ್ತು. ಅದಕ್ಕೆ ಮುಂಚಿನ ಶನಿವಾರ ಅವಳು ಎಂದಿನಂತೆ ಆಟಕ್ಕೆ ಬಂದಳು.

ಕಥೆ ಒಂದು ಛತ್ರದ ಬಾಗಿಲಿಗೆ ಬಂದಿತ್ತು. ಛತ್ರದ ಯಜಮಾನನಾಗಿ ಆರಿನ್ ಗಂಟಲು ಸರಿಮಾಡಿಕೊಂಡ. ಮಾರ್ಲಿಸ್ ಮೇಜಿನ ಮೇಲೆ ಹರಡಿದ್ದ ಆಟದ ನಕ್ಷೆ ನೋಡಲಿಲ್ಲ, ಅವನ ಮುಖ ನೋಡಿದಳು.

"ಯಜಮಾನ್ರೇ, ಅಲೆದೂ ಅಲೆದೂ ಸಾಕಾಗಿದೆ. ಇಲ್ಲೇ ನಿಂತ್ಬಿಡೋಣ ಅಂತಿದ್ದೀನಿ. ನಿಮ್ಮಲ್ಲಿ ನಂಗೊಂದು ಜಾಗ ಇದೆಯಾ?"

ಡ್ವೇನ್ ಕರಿದ ಚೀಸ್ ಬಾಯಿಗಿಟ್ಟವನು ಅಗಿಯುವುದನ್ನೇ ಮರೆತ. ಆರಿನ್ ಇದೆ ಎಂದರೆ ಮುಗಿಯುತ್ತಿತ್ತು. ಆದರೆ ಹೆದರಿದವನ ಕೈ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತದೆ. ಅವನು ದಾಳವನ್ನು ಅವಳ ಕಡೆ ತಳ್ಳಿದ.

"ಹಾಕು. ಎರಡು ಬಿದ್ರೂ ಸಾಕು."

ಅವಳು ಒಂದು ಗಳಿಗೆ ದಾಳವನ್ನೇ ನೋಡಿದಳು. ಆಮೇಲೆ ಹಾಕಿದಳು. ಒಂದು ಬಿತ್ತು.

"ಬಿಡೋ ಆರಿನ್," ಎಂದ ಡ್ವೇನ್, "ನನ್ನ ವೀರನ್ನ ಕೊಂದಿದ್ದು ಸಾಲ್ದಾ? ಇದೊಂದು ಸಲ ಕಣ್ಮುಚ್ಕೊ."

"ಒಂದು ಅಂದ್ರೆ ಒಂದೇ," ಎಂದಿತು ಆರಿನ್‌ನ ಬಾಯಿ. "ಜಾಗ ಇಲ್ಲ ಅಂತಾನೆ ಯಜಮಾನ."

"ಸರಿ ಹಾಗಿದ್ರೆ, ಹೊರಡ್ತೀನಿ," ಎಂದು ಮಾರ್ಲಿಸ್ ನಕ್ಕಳು. ಆ ತಿಂಗಳೇ ಹೊರಟೂ ಹೋದಳು.

ಡುಲೂತ್‌ಗೆ ಹೋಗುವ ರಸ್ತೆ ಆರಿನ್‌ನ ಪಾಲಿನದೇ. ಜಿಲ್ಲೆಯ ಗಡಿಯವರೆಗೆ ಹಿಮ ಬಾಚಿ ಅಲ್ಲಿ ಲಾರಿ ತಿರುಗಿಸಬೇಕು. ಆ ರಸ್ತೆಯನ್ನು ಅವನು ಮನೆಯಂಗಳದ ಹಾಗೆ ಚೊಕ್ಕ ಮಾಡುತ್ತಿದ್ದ. ಯಾರೋ ಆ ಕಡೆಯಿಂದ ಬರುವವರಿದ್ದಾರೆ ಎನ್ನುವ ಹಾಗೆ. ಗಡಿಯಲ್ಲಿ ಸುಮ್ಮನೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಅವಳ ನಗು ಬೇಕಿತ್ತು ಅವನಿಗೆ, ಬೇರೇನೂ ಬೇಕಿರಲಿಲ್ಲ. ಶನಿವಾರದ ಕಥೆಗಳಲ್ಲಿ ಯಾರು ಯಾವ ಛತ್ರದ ಬಾಗಿಲು ತಟ್ಟಿದರೂ ಈಗ ದಾಳವಿಲ್ಲದೆ ಜಾಗ ಸಿಗುತ್ತಿತ್ತು. "ಧರ್ಮಛತ್ರ ಆಗೋಯ್ತಲ್ಲಪ್ಪಾ ನಿನ್ನ ರಾಜ್ಯ," ಎಂದು ಡ್ವೇನ್ ಕಿಚಾಯಿಸುತ್ತಿದ್ದ.

ಮೂರನೆಯ ಚಳಿಗಾಲದಲ್ಲಿ, ಒಂದು ಮಧ್ಯಾಹ್ನ, ಅದೇ ಗಡಿಯಲ್ಲಿ ಲಾರಿ ನಿಲ್ಲಿಸಿ ಅವನು ಅವಳಿಗೆ ಫೋನ್ ಮಾಡಿದ. ಅಕ್ಕನ ಸೊಂಟ ವಿಚಾರಿಸಿದ. ಅಕ್ಕ ಈಗ ಕೋಲಿಲ್ಲದೆ ಓಡಾಡುತ್ತಾಳಂತೆ. ಆಮೇಲೆ ಫೋನ್ ಮಾಡಿದ ವಿಷಯಕ್ಕೆ ಬಂದ.

"ಮಾರ್ಲಿಸ್, ಆವತ್ತು ಅದಕ್ಕೆ ದಾಳ ಬೇಕಿರ್ಲಿಲ್ಲ."

"ನಂಗೊತ್ತು."

"ಮತ್ತೆ ಯಾಕೆ ಹಾಕಿದೆ?"

"ನೀನು ಹಾಕು ಅಂದೆಯಲ್ಲ," ಎಂದಳು ಅವಳು. "ನಿಂಗೆ ಸಂಶಯ ಇದೆ ಅಂದ್ಕೊಂಡೆ."

ಸಂಶಯವಿಲ್ಲದ ಕಡೆ ದಾಳ ಮುಟ್ಟಬಾರದು ಎಂದು ತಾನೇ ಹೇಳುತ್ತಿದ್ದುದು ಆರಿನ್‌ಗೆ ನೆನಪಾಯಿತು. ತನ್ನದೇ ನಿಯಮ. ಅವಳಿಗೆ ಅದನ್ನು ಕಲಿಸಿದವನೂ ತಾನೇ.

"ಸಂಶಯ ಇರ್ಲಿಲ್ಲ," ಎಂದ. "ಯಾವತ್ತೂ ಇರ್ಲಿಲ್ಲ."

ಅವಳು ಬೇರೇನೋ ಕೇಳಿದಳು.

"ಎಲ್ಲಿಂದ ಮಾತಾಡ್ತಿದ್ದೀಯ?"

"ಗಡಿ ಹತ್ರ. ಇಲ್ಲಿವರೆಗೂ ರಸ್ತೆ ಚೊಕ್ಕವಾಗಿದೆ. ಇಲ್ಲಿಂದಾಚೆ ನನ್ನ ಕೈಲಿಲ್ಲ."

"ಅಲ್ಲಿಂದಾಚೆ ನಮ್ಮ ಕಡೆಯವರೂ ಬಾಚ್ತಾರೆ ಕಣೋ, ದಾರಿ ತೆರೆದೇ ಇದೆ," ಎಂದಳು ಮಾರ್ಲಿಸ್.