ಒಂದೇ ಕವರಿನಲ್ಲಿ ಎರಡು ಲಿಂಗ

ವಾಟರ್ ಪಾರ್ಕ್ ಎಂದರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಊರವರೆಲ್ಲ ಬಿದ್ದು ಹೊರಳಾಡಿದ ನೀರಿನಲ್ಲಿ ನಾವೂ ಹೋಗಿ ಹೊರಳಾಡುವುದರಲ್ಲಿ ಅದೇನು ಸುಖವೋ, ದೇವರಿಗೇ ಗೊತ್ತು. ಆದರೂ ಮೇ ಒಂದರ ರಜೆಗೆ ಹೋಗಲೇಬೇಕಾಯಿತು. ನನ್ನ ಗಂಡನಿಗೆ ಆಫೀಸಿನಲ್ಲಿ ಯಾರೋ ಐದು ಕೂಪನ್ ಕೊಟ್ಟಿದ್ದರು. ಬಿಟ್ಟಿ ಸಿಕ್ಕಿದ್ದನ್ನು ಬಿಡುವ ಪೈಕಿ ಅಲ್ಲ ಅವನು. ಅವನು, ನಾನು, ಹತ್ತು ವರ್ಷದ ಮಗಳು, ವರ್ತೂರಿನ ನಮ್ಮ ಫ್ಲಾಟಿನಲ್ಲೇ ಇರುವ ಅತ್ತೆ, ನಾಲ್ಕಾಯಿತು. ಐದನೆಯದಕ್ಕೆ ನನ್ನ ಅವ್ವ. ರಾಣೆಬೆನ್ನೂರಿನಿಂದ ಎಂಟು ದಿನ ಇದ್ದು ಹೋಗಲು ಬಂದಿದ್ದಳು.

ನಮ್ಮ ಅತ್ತೆಗೂ ಅವ್ವನಿಗೂ ಆಗಿಬರುವುದಿಲ್ಲ. ಶುರುವಾಗಿದ್ದು ನನ್ನ ಮದುವೆಯಲ್ಲೇ. ಬೀಗಿತ್ತಿಗೆಂದು ನಮ್ಮ ಕಡೆಯವರು ಕೊಟ್ಟ ಬೆಳ್ಳಿಯ ಕರಡಿಗೆ ಅವ್ವನ ಕೊರಳಿನದಕ್ಕಿಂತ ಸಣ್ಣದು ಎಂದು ಅತ್ತೆ ನಾಲ್ಕು ಜನರ ಮುಂದೆ ಮಾತು ತೆಗೆದರು. ಅಪ್ಪ ಮರುದಿನವೇ ಅಂಗಡಿಗೆ ಹೋಗಿ ಅಳತೆ, ಕೆತ್ತನೆ ಎಲ್ಲ ಒಂದೇ ಇರುವ ಜೋಡಿ ಕರಡಿಗೆ ತಂದು ಇಬ್ಬರಿಗೂ ಒಂದೊಂದು ಕೊಟ್ಟ. ಅಂದಿನಿಂದ ಇಬ್ಬರೂ ತಮ್ಮ ತಮ್ಮ ಇಷ್ಟಲಿಂಗವನ್ನು ಅದರಲ್ಲೇ ಇಟ್ಟು, ಬಿಳಿ ಶಿವದಾರದಲ್ಲಿ ಕೊರಳಿಗೆ ಹಾಕಿಕೊಂಡಿದ್ದಾರೆ. ಲಿಂಗ ಮೈಮೇಲಿಂದ ಇಳಿಯಬಾರದು. ಇಳಿದರೆ, ತಿರುಗಿ ಕಟ್ಟಿಕೊಳ್ಳುವ ತನಕ ಅವರಿಗೆ ತುತ್ತು ಅನ್ನವಿಲ್ಲ, ಗುಟುಕು ನೀರಿಲ್ಲ. ನನ್ನದು ಬೀರುವಿನಲ್ಲಿದೆ. ಆ ಬಗ್ಗೆ ಇಬ್ಬರೂ ನನ್ನನ್ನು ಬೈದು ಸುಸ್ತಾಗಿ ಬಿಟ್ಟಿದ್ದರು.

ಸರ್ಜಾಪುರ, ಚಂದಾಪುರ ದಾಟಿ ಜಿಗಣಿ ಕಡೆಯ ಆ ಪಾರ್ಕ್ ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ. ಕಾರ್ಮಿಕರ ದಿನ ನೋಡಿ, ಫ್ಯಾಕ್ಟರಿಗಳಿಗೆಲ್ಲ ರಜೆ. ಬಿಡದಿಯಿಂದ ಹೊಸೂರಿನವರೆಗಿನ ಜನವೆಲ್ಲ ಅಲ್ಲೇ ಇದ್ದಂತಿತ್ತು. ಸೀರೆ, ಚೂಡಿದಾರ ಹಾಕಿಕೊಂಡು ನೀರಿಗೆ ಇಳಿಯುವ ಹಾಗಿಲ್ಲವಂತೆ, ನೈಲಾನ್ ಬಟ್ಟೆಯೇ ಬೇಕಂತೆ. ಬಾಡಿಗೆಗೆ ಅವರೇ ಕೊಡುತ್ತಾರೆ. ಯಾರು ಯಾರು ಹಾಕಿ ಬಿಚ್ಚಿದ್ದೋ ಏನೋ, ಒಂದು ನಮೂನೆ ವಾಸನೆ.

ಅವ್ವ, "ನಾ ಇಲ್ಲೇ ಗಿಡದ ಬುಡಕ ಕುಂದರ್ತೀನಿ, ನೀವು ಹೋಗಿ ಬರ್ರಿ" ಅಂದಳು. ಮಗಳು ಬಿಡಬೇಕಲ್ಲ! ಇಬ್ಬರು ಅಜ್ಜಿಯರೂ ಅಲೆಗಳ ಕೊಳಕ್ಕೆ ಬರಲೇಬೇಕು ಎಂದು ಕಾಲು ಬಡಿದಳು. ಅತ್ತೆ ತಕ್ಷಣ, "ನಾನು ಬರ್ತೀನಿ ಬಾರವ್ವಾ, ನನಗೇನು ನೀರಂದ್ರ ಹೆದರಿಕಿ ಇಲ್ಲ" ಅಂದರು. ಆ ಮಾತು ಮಗಳಿಗಲ್ಲ, ಅವ್ವನಿಗೆ. ಅಂತೂ ಅರವತ್ತು ದಾಟಿದ ಇಬ್ಬರು ಹೆಂಗಸರು ಮೊಣಕಾಲವರೆಗಿನ ನೀಲಿ ಚಡ್ಡಿ, ದೊಗಳೆ ಟೀಶರ್ಟ್ ತೊಟ್ಟು, ಒಬ್ಬರನ್ನೊಬ್ಬರು ನೋಡದೆ ನಿಂತರು.

ಕೊಳದ ಬಾಗಿಲಲ್ಲಿ ಸೀಟಿ ಹಿಡಿದ ಗಾರ್ಡ್ ಅಡ್ಡ ಬಂದ. "ಮೇಡಂ, ಚೈನು, ಡಾಲರು ಏನೂ ಇರ್ಬಾರ್ದು. ತೆಗೆದು ಲಾಕರಲ್ಲಿ ಇಟ್ಬಿಡಿ."

"ಡಾಲರ್ ಅಲ್ಲೋ ತಮ್ಮಾ, ಲಿಂಗ ಇದು" ಎಂದು ಅತ್ತೆ ಗದರಿದರು.

"ಏನಾದ್ರೂ ಆಗ್ಲಿ ಅಜ್ಜಿ. ಅಲೇಲಿ ಯಾರದಾದ್ರೂ ಕೊರಳಿಗೆ ಸಿಕ್ಕಾಕೊಂಡ್ರೆ ನನ್ ಕೆಲ್ಸ ಹೋಗ್ತದೆ."

ನನ್ನ ಗಂಡ ಗಡಿಯಾರ ನೋಡಿಕೊಂಡ. "ಅಮ್ಮಾ, ಅರ್ಧ ಗಂಟೆ ಅಷ್ಟೇ ಕಣಮ್ಮಾ. ಮಗು ಅಳ್ತಿದೆ." ಅತ್ತೆ ಮೊಮ್ಮಗಳ ಮುಖ ನೋಡಿ, ಕಣ್ಣು ಮುಚ್ಚಿ ಏನೋ ಹೇಳಿಕೊಂಡು, ಕರಡಿಗೆ ತೆಗೆದು ನನ್ನ ಕೈಗಿಟ್ಟರು. ಅವ್ವ ಮಾತ್ರ ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದಳು. ನನಗೆ ರೇಗಿತು. ಹಿಂದೆ ಉದ್ದ ಸಾಲು, ಜನ ಗೊಣಗುತ್ತಿದ್ದರು. "ಅವರೇ ತೆಗೆದಿದ್ದಾರೆ, ನೀನೊಬ್ಬಳೇ ಯಾಕವ್ವಾ ಹಠ ಮಾಡ್ತೀ?" ಎಂದೆ. ಅವಳು ತೆಗೆದು ಕೊಟ್ಟಳು. ಕೊಡುವಾಗ, "ಬ್ಯಾರೆ ಬ್ಯಾರೆ ಇಡು" ಅಂದಳು. ಹೂಂ ಎಂದೆ. ಲಾಕರ್ ಹತ್ತಿರ ಹೋದಾಗ ಬ್ಯಾಗಿನಲ್ಲಿ ಬೇಕರಿಯ ಒಂದೇ ಪ್ಲಾಸ್ಟಿಕ್ ಕವರ್ ಇತ್ತು. ಎರಡನ್ನೂ ಅದರಲ್ಲೇ ಹಾಕಿ ಬಾಗಿಲು ಬಡಿದೆ. ಬೇರೆ ಬೇರೆ ಇಡಲು ನನಗೇನು ಕೈ ನೋಯುತ್ತಿತ್ತೇ? ಇವತ್ತಿಗೂ ಆ ನನ್ನ ಕೈಗೆ ನಾಲ್ಕು ಬಾರಿಸಬೇಕು ಅನ್ನಿಸುತ್ತದೆ.

ಅರ್ಧ ಗಂಟೆ ಅಂದಿದ್ದು ಎರಡು ಗಂಟೆಯಾಯಿತು. ಮೇಲೆ ಬಂದು, ಬಟ್ಟೆ ಬದಲಿಸುವ ಕೋಣೆಯ ನೂಕುನುಗ್ಗಲಲ್ಲಿ ಕವರಿನೊಳಗೆ ಕೈಹಾಕಿ, ಸಿಕ್ಕಿದ್ದನ್ನು ಒಬ್ಬರಿಗೊಂದು ಕೊಟ್ಟೆ. ಅವ್ವ ಅಲ್ಲೇ ಮೂಲೆಗೆ ತಿರುಗಿ, ಕರಡಿಗೆ ತೆರೆದು, ಲಿಂಗವನ್ನು ಎಡ ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನೋಡಿ, ಕಣ್ಣಿಗೊತ್ತಿಕೊಂಡು ಕೊರಳಿಗೆ ಹಾಕಿಕೊಂಡಳು. ಅತ್ತೆ ನೋಡದೆಯೇ ಹಾಕಿಕೊಂಡರು.

ಅವರು ನೋಡಿದ್ದು ಊಟದ ಟೇಬಲ್ಲಿಗೆ ತಟ್ಟೆಗಳು ಬಂದ ಮೇಲೆ. ವಿಭೂತಿ ಹಚ್ಚಿಕೊಂಡು ಕರಡಿಗೆ ತೆರೆದವರೇ ಹೆಬ್ಬೆರಳಿನಿಂದ ಸವರಿದರು, ಮತ್ತೆ ಸವರಿದರು. ಮುಖ ಬಿಳಿಚಿತು.

"ಇದು ನಂದಲ್ಲ. ನಂದರಾಗ ಹಿಂದ ಒಂದ್ ಸಣ್ಣ ಗುಳಿ ಐತಿ, ಬೆರಳಿಗೆ ಹತ್ತತೈತಿ. ಇದರಾಗ ಇಲ್ಲ."

ನೋಡಲು ಎಲ್ಲ ಲಿಂಗವೂ ಕರಿಯ ಲೇಪ ಬಳಿದ ಒಂದೇ ತರಹದ ಗುಂಡು. ದಿನಾ ಅಂಗೈಯಲ್ಲಿಟ್ಟು ಪೂಜಿಸಿದವರಿಗೆ ಮಾತ್ರ ತಮ್ಮದು ಯಾವುದೆಂದು ಕೈ ಹೇಳುತ್ತದೆ. ಅತ್ತೆ ಅವ್ವನ ಕಡೆ ಕೈ ಚಾಚಿದರು. "ನಿಮ್ಮದು ತೋರಸ್ರಿ ಇಲ್ಲಿ."

"ಇಲ್ರೀ, ನಾ ಆಗಲೇ ನೋಡೀನಿ. ಇದು ನಂದ ಐತಿ."

"ಅಂದ್ರ ನಾ ಸುಳ್ಳು ಹೇಳ್ತೀನೇನು?"

ಅವ್ವ ತೆಗೆದು ಕೊಟ್ಟಳು. ಅತ್ತೆ ಸವರಿದರು. "ಇಲ್ಲೇ ಐತಿ ನೋಡು ಗುಳಿ. ಇದೇ ನಂದು!" ಎಂದು ಮುಷ್ಟಿ ಬಿಗಿದರು. ಪಕ್ಕದ ಟೇಬಲ್ಲಿನವರೆಲ್ಲ ತಿನ್ನುವುದು ಬಿಟ್ಟು ನೋಡುತ್ತಿದ್ದರು. ಎಲ್ಲಕ್ಕೂ ಕಾರಣಳಾದ ನನ್ನನ್ನು ಅತ್ತೆ ಬಿಡುತ್ತಾರೆಯೇ? "ಬೀರುವಿನಾಗ ಇಟ್ಟಾಕಿ ಕೈಯಾಗ ಕೊಟ್ಟೆನಲ್ಲ, ನನಗ ಬುದ್ಧಿ ಇಲ್ಲ" ಎಂದು ಹಣೆ ಚಚ್ಚಿಕೊಂಡರು.

ಅವ್ವ ಮೆಲ್ಲಗೆ, "ಬೀಗಿತ್ತೀ, ಅದು ನಂದ್ರೀ" ಅಂದಳು. ಅಷ್ಟೇ. ಜಗಳ ಮಾಡಿ ಗೊತ್ತಿಲ್ಲ ಅವಳಿಗೆ. ಅದೇ ನನಗೆ ಅವಳ ಮೇಲಿರುವ ಸಿಟ್ಟು.

ಅತ್ತೆಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿ ಆಗಿತ್ತು, ಊಟ ಹೋಗಿರಲಿಲ್ಲ. ಮೈ ಬೆವರತೊಡಗಿತು. "ಇದನ್ನ ನನಗ ಬಿಟ್ಟುಕೊಡೋತನಕ ನಾ ನೀರೂ ಮುಟ್ಟಂಗಿಲ್ಲ" ಎಂದು ತಟ್ಟೆ ದೂಡಿದರು. ನನ್ನ ಗಂಡ, ಅತ್ತ ತಾಯಿಗೆ ಒಂದು ಮಾತು ಹೇಳಲಾರದ ಆಸಾಮಿ, ಇತ್ತ ನನ್ನ ಅವ್ವನ ಕಡೆ ತಿರುಗಿದ. "ಅತ್ತೇರೇ, ಎರಡೂ ದೇವರೇ ಅಲ್ವಾ? ಕೊಟ್ಬಿಡಿ. ಅಮ್ಮಂಗೆ ಶುಗರ್ ಇಳೀತಿದೆ."

ಅವ್ವ ಅವನನ್ನು ಬಿಟ್ಟು ನನ್ನನ್ನು ನೋಡಿದಳು. ನಾನು ಏನಾದರೂ ಹೇಳುತ್ತೇನೆ ಎಂದು ಕಾಯುತ್ತಿದ್ದಳು. ನನಗೆ ಗಂಡನ ಮೇಲೆ, ಅತ್ತೆಯ ಮೇಲೆ, ಸ್ಪೀಕರಿನಲ್ಲಿ ಕಿವಿ ಹರಿಯುವಂತೆ ಅರಚುತ್ತಿದ್ದ ಹಾಡಿನ ಮೇಲೆ ಮೈಯೆಲ್ಲ ಉರಿಯುತ್ತಿತ್ತು. ಬೈಯಬೇಕಾದವರನ್ನು ಬೈಯುವ ಧೈರ್ಯ ಬರಲಿಲ್ಲ.

"ಕೊಟ್ಟು ಬಿಡವ್ವಾ" ಎಂದೆ. "ಸಾಕು."

ಅವ್ವ ಹೂಂ ಎಂದು ತಲೆಯಾಡಿಸಿದಳು. ಅತ್ತೆ ಮುಷ್ಟಿಯಲ್ಲಿದ್ದುದನ್ನು ತಮ್ಮ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಂಡು, ಎರಡು ಚಪಾತಿ, ಅನ್ನ, ಮೊಸರು ಎಲ್ಲ ಉಂಡರು. ಉಳಿದದ್ದನ್ನು ಅವ್ವ ಕೊರಳಿಗೆ ಹಾಕಿಕೊಳ್ಳಲಿಲ್ಲ. ಕರಡಿಗೆಯಲ್ಲಿಟ್ಟು, ಸೆರಗಿನಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡಳು. ಊಟ ಮಾಡವ್ವಾ ಎಂದರೆ, "ಆ ಕೊಳದ ನೀರು ಬಾಯಾಗ ಹೋಗೇತಿ, ಹೊಟ್ಟಿ ತೊಳಸಾಕತ್ತೇತಿ" ಅಂದಳು. ನಾನು ನಂಬಿದೆ. ನಂಬಿದರೆ ನನಗೆ ಅನುಕೂಲವಿತ್ತು.

ಮನೆಗೆ ಬರುವಾಗ ಚಂದಾಪುರದಲ್ಲೇ ಒಂದೂವರೆ ಗಂಟೆ ನಿಂತೆವು. ಮಗಳು ಎಳನೀರು ಕೇಳಿದಳು, ಎಲ್ಲರೂ ಕುಡಿದರು. ಅವ್ವ ಬೇಡ ಅಂದಳು. ಮನೆಯಲ್ಲಿ ಮಜ್ಜಿಗೆ ಕೊಟ್ಟರೆ ಅದೂ ಬೇಡ. ಗೋಡೆ ಕಡೆ ತಿರುಗಿ ಮಲಗಿದಳು. ನನ್ನ ಮೇಲೆ ಮುನಿಸು, ಇರಲಿ, ನನಗೂ ಸಿಟ್ಟು ಬರುತ್ತದೆ ಎಂದು ನಾನೂ ಹೋಗಿ ಮಲಗಿದೆ.

ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಅವ್ವ ಪಕ್ಕದಲ್ಲಿ ನೆಲಕ್ಕೆ ಕೂತು ಕೊತ್ತಂಬರಿ ಬಿಡಿಸುತ್ತಿದ್ದಳು. ತುಟಿ ಒಡೆದಿತ್ತು. ಅತ್ತೆ ಪೂಜೆಗೆ ಕೂತವರು ನಡುವೆಯೇ ಎದ್ದು ಬಂದರು. ಅಂಗೈಯಲ್ಲಿ ಲಿಂಗ, ಹಣೆಯಲ್ಲಿ ಅರ್ಧ ಹಚ್ಚಿದ ವಿಭೂತಿ. ಬಾಗಿಲಲ್ಲೇ ನಿಂತು ಹೇಳಿದರು.

"ನಿನ್ನೆ ನೀರಾಗ ಇದ್ದು ಇದ್ದು ಬೆರಳೆಲ್ಲ ಸುಕ್ಕಾಗಿದ್ವು. ಗೊತ್ತಾಗಲಿಲ್ಲ. ಇದು ನಿಮ್ಮದು."

ತಪ್ಪಾಯಿತು ಎಂದೇನೂ ಹೇಳಲಿಲ್ಲ. ಅವರ ಬಾಯಲ್ಲಿ ಅದು ಬರುವುದೂ ಇಲ್ಲ. ಅವ್ವ ಎದ್ದು, ಕೈ ತೊಳೆದು, ಸೆರಗಿನಿಂದ ಅವರದನ್ನು ತೆಗೆದು ಕೊಟ್ಟು ತನ್ನದನ್ನು ಇಸಿದುಕೊಂಡಳು. ಅಲ್ಲೇ ಕೂತು ಪೂಜೆ ಮಾಡಿ, ಕೊರಳಿಗೆ ಕಟ್ಟಿಕೊಂಡಳು. ಆಮೇಲೆ ಫಿಲ್ಟರಿನ ಹತ್ತಿರ ಹೋಗಿ ಒಂದು ತಂಬಿಗೆ ನೀರನ್ನು ನಿಂತಲ್ಲೇ, ಉಸಿರು ಬಿಡದೆ ಕುಡಿದಳು. ಇನ್ನೊಂದು ತುಂಬಿಸಿಕೊಂಡಳು.

ಆಗ ಹೊಳೆಯಿತು ನನಗೆ. ಹಿಂದಿನ ದಿನ ಬೆಳಿಗ್ಗೆಯ ಚಹಾ ಬಿಟ್ಟರೆ, ಮೇ ತಿಂಗಳ ಆ ಬಿಸಿಲಲ್ಲಿ ಅವಳ ಗಂಟಲಿಗೆ ಒಂದು ಹನಿ ಇಳಿದಿರಲಿಲ್ಲ. ಅತ್ತೆಯಂತೆ ತಟ್ಟೆ ದೂಡಿರಲಿಲ್ಲ, ಯಾರಿಗೂ ಹೇಳಿರಲಿಲ್ಲ.

"ಅದು ನಿಂದೇ ಅಂತ ನಿನಗೆ ಖಾತ್ರಿ ಇತ್ತಾ ನಿನ್ನೆ?" ಎಂದೆ.

"ಐವತ್ತು ವರ್ಷ ಕೈಯಾಗ ಹಿಡದೀನಿ. ಇರಂಗಿಲ್ಲೇನು?"

ನನಗೆ ಮತ್ತೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ಯಾಕೆ ಕೊಟ್ಟೆ? ಆ ಹೆಂಗಸು ಕೂಗಾಡಿದ್ರೆ ಕೊಟ್ಟು ಬಿಡೋದಾ? ಒಂದು ಮಾತು ಗಟ್ಟಿಯಾಗಿ ಆಡೋಕೆ ಬರಲ್ವಾ ನಿನಗೆ?"

ಅವ್ವ ತಂಬಿಗೆ ಕೆಳಗಿಟ್ಟು ಬಾಯಿ ಒರೆಸಿಕೊಂಡಳು.

"ಆಕಿ ಕೂಗಿದ್ದಕ್ಕ ಕೊಡಲಿಲ್ಲವ್ವಾ. ನೀ ಕೊಡು ಅಂದಿ, ಕೊಟ್ಟೆ."