ನಾನು ಚಾಚದ ಬೆರಳು

ನನ್ನ ಹೇಡಿತನದ ಫಲ ಉಂಡವಳು ನಾನಲ್ಲ. ಕರ್ನಾಟಕದ ಒಂದು ಶಿಶುಗೃಹದಲ್ಲಿದ್ದ ನಾಲ್ಕು ವರ್ಷದ ಹುಡುಗಿ. ನನ್ನಿಂದಾಗಿ ಅವಳು ಐದು ತಿಂಗಳು ಹೆಚ್ಚಾಗಿ ಅಲ್ಲೇ ಉಳಿದಳು.

ನಾನೂ ನನ್ನ ಗಂಡನೂ ದತ್ತು ಪಡೆಯಲು ಅರ್ಜಿ ಹಾಕಿದಾಗ ಏಜೆನ್ಸಿಯವರು ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನಲ್ಲಿರುವ ನಮ್ಮ ಮನೆಯನ್ನು ನೋಡಿ, ವೈದ್ಯರ ಪ್ರಮಾಣಪತ್ರ ಪಡೆದು, ನಾವು ಯೋಗ್ಯರೆಂದು ವರದಿ ಬರೆದರು. ಆಮೇಲೆ ಉಳಿದದ್ದು ಕಾಯುವ ಕೆಲಸ. ಕಾಯುವವರಿಗೆಂದೇ ಒಂದು ಕೈಪಿಡಿ ಕೊಟ್ಟಿದ್ದರು: ನಿಮ್ಮನ್ನು ನೀವು ನೋಡಿಕೊಳ್ಳಿ, ಬಿಸಿನೀರಿನಲ್ಲಿ ಸ್ನಾನ ಮಾಡಿ, ಪರಿಮಳದ ಮೇಣದಬತ್ತಿ ಹಚ್ಚಿ, ದಿನಚರಿ ಬರೆಯಿರಿ. ನಾನು ಮೇಣದಬತ್ತಿ ಹಚ್ಚಿದೆ, ದಿನಚರಿಯನ್ನೂ ಬರೆದೆ. ವೈದ್ಯರ ಬಳಿಗೆ ಮಾತ್ರ ಹೋಗಲಿಲ್ಲ.

ವೈದ್ಯಕೀಯ ನಮೂನೆಯಲ್ಲಿ ಕಾಯಿಲೆಗಳ ಪಟ್ಟಿಯಿತ್ತು, ಮಧುಮೇಹವೂ ಅದರಲ್ಲಿತ್ತು. ಇದ್ದರೆ ಏನಾಗುತ್ತದೆ ಎಂದು ಎಲ್ಲಿಯೂ ಬರೆದಿರಲಿಲ್ಲ. ಮೊದಲ ಸಲ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಿದ್ದೆ. ಅದು ನಿಜವೇ ಆಗಿತ್ತು. ಮರುವರ್ಷದ ಬೇಸಿಗೆಯಲ್ಲಿ ತಣಿಯದ ಬಾಯಾರಿಕೆ ಶುರುವಾಯಿತು, ಓದುವಾಗ ಅಕ್ಷರಗಳು ಮಸುಕಾಗತೊಡಗಿದವು. ಅಮ್ಮನಿಗೆ ಸಕ್ಕರೆ ಕಾಯಿಲೆಯಿತ್ತು. ಇದೇನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಡಾಕ್ಟರ್ ಹತ್ರ ಒಂದ್ಸಲ ತೋರಿಸ್ಕೊಂಡು ಬಾ,” ಎಂದ ಗಂಡ.

“ಮಗು ಬಂದ್ಮೇಲೆ ಹೋಗ್ತೀನಿ. ಈಗ ಟೆಸ್ಟ್ ಮಾಡಿಸಿ ಏನಾದ್ರೂ ಬಂದ್ರೆ ಫಾರ್ಮಲ್ಲಿ ಬರೀಬೇಕಾಗತ್ತೆ. ಗೊತ್ತೇ ಇಲ್ದಿದ್ರೆ ಸುಳ್ಳು ಹೇಳ್ದಂಗೂ ಆಗಲ್ಲ.”

“ಇದನ್ನ ಬೇರೆ ಯಾರಾದ್ರೂ ಹೇಳಿದ್ರೆ ಇಷ್ಟೊತ್ತಿಗೆ ಪಿಟಿಷನ್ ಬರೆದಿರ್ತಿದ್ದೆ ನೀನು,” ಎಂದ. ಕಾರ್ಮಿಕರ ಪರ ಸಂಘಟನೆಯೊಂದರಲ್ಲಿ ಪಿಟಿಷನ್ ಬರೆಯುವುದೇ ನನ್ನ ಕೆಲಸ. ಅವನು ಹೇಳಿದ್ದು ಸರಿಯಾಗಿತ್ತು, ಆದ್ದರಿಂದಲೇ ಸಿಟ್ಟು ಬಂತು.

ಅದೇ ಶರತ್ಕಾಲದಲ್ಲಿ ನಾನು ರಾಬಿನ್ಸ್‌ವಿಲ್‌ನ ಗೋದಾಮುಗಳಲ್ಲಿ ದುಡಿಯುವ, ಇನ್ಶೂರೆನ್ಸ್ ಇಲ್ಲದವರಿಗಾಗಿ ಉಚಿತ ಸಕ್ಕರೆ ತಪಾಸಣೆ ಏರ್ಪಡಿಸಿದ್ದೆ. ಕಾಯಿಲೆಯನ್ನು ಮುಚ್ಚಿಡುವಂತೆ ಮಾಡುವ ವ್ಯವಸ್ಥೆಯೇ ಅನ್ಯಾಯದ್ದು ಎಂದು ಭಾಷಣವನ್ನೂ ಮಾಡಿದೆ. ಪೆಟ್ಟಿಗೆ ಕಟ್ಟುವ ಕೆಲಸದ, ಧಾರವಾಡ ಕಡೆಯ ಹಿರಿಯ ಹೆಂಗಸೊಬ್ಬರು ಬೆರಳಿಗೆ ಹತ್ತಿ ಒತ್ತಿಕೊಂಡು ನನ್ನ ಕಡೆ ನೋಡಿದರು.

“ನಮ್ಮೆಲ್ಲಾರ ಬೆರಳು ಚುಚ್ಚಿಸಿದ್ರಿ. ನಿಮ್ಮ ಬೆರಳಿಗೇನು ಮಡಿ ಅದ ಏನ್ರಿ?”

ಸಾಲಿನಲ್ಲಿದ್ದವರು ನಕ್ಕರು. “ನಂದು ಹೋದ ವಾರಾನೇ ಆಯ್ತು, ಆಂಟಿ,” ಎಂದೆ.

“ಛಲೋ ಮಾಡಿದ್ರಿ. ನಾ ಅಂಜಿಕೊಂಡು ಎರಡು ವರ್ಷ ದೂಡಿದೆ ನೋಡ್ರಿ.”

ಅವರು ತಮ್ಮ ಅಂಜಿಕೆಯನ್ನು ಎಲ್ಲರೆದುರು ಒಪ್ಪಿಕೊಂಡರು. ನಾನು ಪಟ್ಟಿಯಲ್ಲಿ ಮುಂದಿನ ಹೆಸರು ಕೂಗಿದೆ.

ಚಳಿಗಾಲದಲ್ಲಿ, ಆ ಹುಡುಗಿಯನ್ನು ನಮಗೆ ಗೊತ್ತುಮಾಡಿದ್ದಾರೆಂಬ ಸುದ್ದಿ ಬಂತು. ನಮ್ಮ ಫೋಟೋಗಳ ಪುಟ್ಟ ಆಲ್ಬಂ ಕಳಿಸಿದೆವು. ಯುಗಾದಿ ಮುಗಿದ ಮೇಲೆ ಬರುತ್ತೇವೆಂದು ವಿಡಿಯೋ ಕರೆಯಲ್ಲಿ ನಾನೇ ಅವಳಿಗೆ ಹೇಳಿದೆ. ಅಷ್ಟರಲ್ಲಿ ಹಳೆಯ ವರದಿಯ ಅವಧಿ ಮುಗಿಯುತ್ತ ಬಂದು, ಹೊಸ ವೈದ್ಯಕೀಯ ಪ್ರಮಾಣಪತ್ರ ಬೇಕಾಯಿತು. ಈ ಸಲ ತಪ್ಪಿಸಿಕೊಳ್ಳುವಂತಿರಲಿಲ್ಲ. ರಕ್ತದ ಫಲಿತಾಂಶ ನೋಡಿದ ವೈದ್ಯೆ, ಸಕ್ಕರೆ ಹತೋಟಿಗೆ ಬರುವವರೆಗೆ ಸಹಿ ಹಾಕಲಾರೆ ಎಂದರು. ಬಾಯಾರಿಕೆ ಶುರುವಾದಾಗಲೇ ಬಂದಿದ್ದರೆ ಮಾತ್ರೆ ಕೊಟ್ಟು, ಚಿಕಿತ್ಸೆಯಲ್ಲಿದ್ದಾರೆ ಎಂಬ ಒಂದು ಸಾಲು ಬರೆದು ಸಹಿ ಹಾಕುತ್ತಿದ್ದೆ ಎಂದೂ ಹೇಳಿದರು. ಒಂದು ಸಾಲಿಗೆ ಹೆದರಿ ನಾನು ಕಣ್ಣು ಮಂಜಾದರೂ ಸುಮ್ಮನೆ ಕಾದಿದ್ದೆ.

ಯುಗಾದಿ ಕಳೆದ ಮೇಲಿನ ಕರೆಯಲ್ಲಿ ಶಿಶುಗೃಹದ ಆಯಾ ತಗ್ಗಿದ ದನಿಯಲ್ಲಿ ಹೇಳಿದರು: “ಹಬ್ಬದ ದಿನದಿಂದ ಚಪ್ಪಲಿ ಬಿಚ್ಚಕ್ಕೇ ಒಪ್ತಿಲ್ಲ ಮೇಡಂ. ಆಲ್ಬಂ ಹಿಡ್ಕೊಂಡು ಗೇಟ್ ಹತ್ರಾನೇ ಕೂತಿರ್ತಾಳೆ. ನಿಮಗೆ ಹುಷಾರಿಲ್ಲ ಅಂದಿದೀನಿ.”

ಹಿಂದಿನಿಂದ ಅವಳ ದನಿ ಕೇಳಿತು. “ಅಮ್ಮಂಗೆ ಜ್ವರಾನಾ?”

“ಹೂಂ ಪುಟ್ಟ, ಜ್ವರ,” ಎಂದೆ. ಅದು ನನ್ನ ಎರಡನೆಯ ಸುಳ್ಳು.

ಸಕ್ಕರೆ ಹತೋಟಿಗೆ ಬಂದು ಸಹಿ ಸಿಗುವಷ್ಟರಲ್ಲಿ ಐದು ತಿಂಗಳು ಕಳೆದವು. ಈಗ ಅವಳು ಇಲ್ಲಿದ್ದಾಳೆ. ನಾನು ಮಾತ್ರೆ ನುಂಗುವುದನ್ನು ಪಕ್ಕದಲ್ಲೇ ನಿಂತು ನೋಡುತ್ತಾಳೆ. ಮನೆಯೊಳಗೆ ಬಂದರೂ ಬೂಟು ಬಿಚ್ಚಲು ಬಹಳ ಹೊತ್ತು ಹಿಡಿಯುತ್ತದೆ. ಬಿಚ್ಚಿದ ಮೇಲೂ ಊಟದ ಕುರ್ಚಿಯ ಕೆಳಗೆ, ಕಾಲಿಗೆ ಸಿಗುವಂತೆ ಇಟ್ಟುಕೊಳ್ಳುತ್ತಾಳೆ. ‘ಅಲ್ಲಿಡಬಾರದು’ ಎನ್ನುವ ಅಧಿಕಾರ ನನಗಿಲ್ಲ.

ತಪ್ಪುಗಳನ್ನು ಹೆಸರಿಸುವುದೇ ನನ್ನ ಕೆಲಸವಾಗಿದ್ದರಿಂದ ಹೇಳುತ್ತೇನೆ: ಮೊದಲ ತಪ್ಪು ನನ್ನದು, ಅದನ್ನು ಯಾವ ನಮೂನೆಯ ಮೇಲೂ ಹೊರಿಸಲಾರೆ. ಆದರೆ ನಮ್ಮನ್ನು ಯೋಗ್ಯರೆಂದು ಬರೆದ ಏಜೆನ್ಸಿಯವರೇ, ನನ್ನಂಥ ಹೇಡಿಗಳು ನಿಮ್ಮ ಪಟ್ಟಿಯಲ್ಲಿ ಇನ್ನೂ ಇದ್ದಾರೆ. ನಿಮ್ಮ ಕೈಪಿಡಿಯಿಂದ ಮೇಣದಬತ್ತಿಯ ಪುಟವನ್ನು ತೆಗೆಯಿರಿ. ಚಿಕಿತ್ಸೆಯಲ್ಲಿರುವ ಮಧುಮೇಹದಿಂದ ಅರ್ಜಿ ತಿರಸ್ಕೃತವಾಗುವುದಿಲ್ಲ ಎಂಬ ವಾಕ್ಯವನ್ನು ವೈದ್ಯಕೀಯ ನಮೂನೆಯ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಕಾಯುತ್ತಿರುವ ಪ್ರತಿಯೊಬ್ಬರಿಗೂ ಆರು ತಿಂಗಳಿಗೊಮ್ಮೆ ಫೋನ್ ಮಾಡಿ, ವೈದ್ಯರನ್ನು ಕಂಡ ದಿನಾಂಕ ಕೇಳಿ. ನಾನೀಗ ಕಾಯುವವಳಲ್ಲ, ಆದರೂ ನನ್ನಿಂದಲೇ ಶುರು ಮಾಡಿ.